ಆವುಲಪ್ಪನ ಕಣದ ರಾಶಿ

ಜವಳಗಿರಿಯ ಬಸ್ ಸ್ಟಾಪಿನಲ್ಲಿ ಇಳಿದಾಗ ಬೀರೇಶ ಬೈಕಿನ ಮೇಲೆ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದ. ಕಲ್ಪನಾಳ ಸೋದರಮಾವ ಆವುಲಪ್ಪನ ಮಗ. ಅವಳಿಗಿಂತ ಆರು ತಿಂಗಳು ಚಿಕ್ಕವನು.

“ಬಾರಮ್ಮ ಆಪೀಸರಮ್ಮ. ಬ್ಯಾಗು ಕೊಡಿಲ್ಲಿ. ಚೆಕ್ಕಿಂಗಾ, ಊಟಕ್ಕಾ?”

“ಎರಡಕ್ಕೂ. ಇದೇನ್ಲಾ ಮೀಸೆ?”

“ಹೆಣ್ಣು ನೋಡಕ್ಕೋದ್ರೆ ಹುಡುಗನ್ನ ಕರ್ಕಂಡು ಬಾ ಅಂತಾವ್ರೆ. ನಾನೇ ಹುಡುಗ ಅಂದ್ರೆ ನಂಬಕಿಲ್ಲ. ಅದಕ್ಕೇ ಬುಟ್ಟೆ.”

ಕಲ್ಪನಾ ನಗುತ್ತ ಹಿಂದೆ ಕೂತಳು. ಹೊಸೂರಿನಲ್ಲಿ ಹಾಲುಗೂಸುಗಳಿಗೆ ರಾಗಿಸರಿ ಹಿಟ್ಟು ಮಾಡುವ ಕಾರ್ಖಾನೆಯೊಂದರಲ್ಲಿ ಅವಳು ಗುಣಮಟ್ಟದ ಅಧಿಕಾರಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಅವಲಪಲ್ಲಿಯಲ್ಲಿ ಮನೆ. ಔಷಧಿ ಹೊಡೆಯದ, ರಾಸಾಯನಿಕ ಗೊಬ್ಬರ ಹಾಕದ ರಾಗಿಯನ್ನೇ ಕೊಳ್ಳಬೇಕೆಂದು ಕಂಪನಿ ಹೊರಟಾಗ, ತನ್ನ ತಾಯಿಯ ತವರೂರನ್ನು ತೋರಿಸಿದವಳೇ ಅವಳು. ಊರಿನ ಹದಿನೈದು ಮನೆ ಸೇರಿ ಸಂಘ ಕಟ್ಟಿದರು. ಬೀರೇಶ ಅದರ ಮುಖಂಡ. ಸಂಘದ ವ್ಯವಸ್ಥೆ ಸರಳ: ಒಬ್ಬರ ಹೊಲವನ್ನು ಇನ್ನೊಬ್ಬರು ಬೆಳೆ ಇರುವಾಗಲೇ ಹೋಗಿ ನೋಡಬೇಕು, ಔಷಧಿ ಬಿದ್ದಿಲ್ಲ ಎಂದು ಹೇಳಬೇಕು. ಒಬ್ಬರ ರಾಗಿ ಕೆಟ್ಟರೆ ಹದಿನೈದು ಜನರ ರಾಗಿಯೂ ಕೆಟ್ಟಂತೆ. ಅದಕ್ಕೆ ಪ್ರತಿಯಾಗಿ ಸಂತೆಗಿಂತ ಒಳ್ಳೆಯ ಬೆಲೆ.

ಈ ವರ್ಷದ ರಾಗಿ ಆಗಲೇ ಕಾರ್ಖಾನೆ ತಲುಪಿತ್ತು. ಕಲ್ಲು, ಹೊಟ್ಟು ತೆಗೆಯುವ ಯಂತ್ರದಲ್ಲಿ ಹಾದು, ಎಲ್ಲವೂ ಒಂದೇ ದೊಡ್ಡ ತೊಟ್ಟಿಗೆ ಬಿದ್ದಿತ್ತು. ಬೆಂಗಳೂರಿನ ಪ್ರಯೋಗಾಲಯದ ವರದಿ ಬಂದಿತ್ತು: ಯಾವ ಔಷಧಿಯ ಶೇಷವೂ ಪತ್ತೆಯಾಗಿಲ್ಲ. ಸೋಮವಾರ ರಾಗಿಯನ್ನು ನೆನೆಹಾಕಿ ಮೊಳಕೆಗೆ ಬಿಡಬೇಕು. ಅದಕ್ಕೆ ಮುಂಚೆ ಊರಿಗೊಮ್ಮೆ ಹೋಗಿ ಬರುವುದು ಯಾರೂ ಹೇಳದೆ ಅವಳು ತಾನೇ ಮಾಡಿಕೊಂಡಿದ್ದ ರೂಢಿ.

ಕಾಡಿನ ಅಂಚಿನ ದಾರಿಯಲ್ಲಿ ಬೈಕು ನಿಧಾನವಾಯಿತು. ಎಡಗಡೆ ಮಾವನ ಹೊಲ. ಕಲ್ಪನಾ ನೋಡಿದಳು, ಮತ್ತೆ ನೋಡಿದಳು.

“ನಿಲ್ಸು ಬೀರೇಶ.”

ಕೊಯ್ದ ರಾಗಿ ಹೊಲದಲ್ಲಿ ಕೂಳೆ ಇರಬೇಕು. ಕುಡುಗೋಲು ಆಡಿದ ಕಡೆಯಲ್ಲೆಲ್ಲ ಗೇಣುದ್ದದ ಒಣ ಕಡ್ಡಿಗಳು ಸಾಲು ಹಿಡಿದು ನಿಂತಿರುತ್ತವೆ. ಇಲ್ಲಿ ಕೂಳೆ ಇರಲಿಲ್ಲ. ಅಲ್ಲಲ್ಲಿ ಬೇರುಸಹಿತ ಕಿತ್ತು ಬಂದ ಬುಡಗಳು ಮಣ್ಣುಗಟ್ಟಿ ಬಿದ್ದಿದ್ದವು. ಹಸಿ ಮಣ್ಣಿನಲ್ಲಿ ಊರಿ ಹಾಗೆಯೇ ಒಣಗಿದ ಹೆಜ್ಜೆಗಳು ಮಂಕರಿಯಷ್ಟು ಅಗಲಕ್ಕೆ ಹೊಲದ ಈ ತುದಿಯಿಂದ ಆ ತುದಿಗೆ ಹೋಗಿದ್ದವು.

“ಆನೆ ಬಂದಿದ್ದು ಗೊತ್ತಿತ್ತು,” ಎಂದಳು. “ಫೋನಲ್ಲಿ ಮಾವ ‘ಒಸಿ ತುಳಿದವೆ’ ಅಂದಿದ್ರು.”

“ಅಪ್ಪ ಯಾವತ್ತು ಪೂರ್ತಿ ಹೇಳ್ತದೆ? ಏಳು ಬಂದಿದ್ವು, ಮರಿ ಸೇರಿ. ಒಂದು ತೆನೆ ಬುಡ್ಲಿಲ್ಲ.”

“ಒಂದು ತೆನೇನೂ?”

“ಫಾರೆಸ್ಟ್ ವಾಚರ್ ಬಂದು ‘ಯಾನೈಕ್ಕು ನಲ್ಲ ಸಾಪ್ಪಾಡು’, ಆನೆಗೆ ಒಳ್ಳೇ ಊಟ ಅಂತ ನಗಾಡ್ದ. ಅಪ್ಪನೂ ನಕ್ತು. ಏನ್ಮಾಡದು.”

ಕಲ್ಪನಾ ನಗಲಿಲ್ಲ. ಈ ಹೊಲದಿಂದ ಮಾವ ಕಾರ್ಖಾನೆಗೆ ಆರು ಮೂಟೆ ರಾಗಿ ಕೊಟ್ಟಿದ್ದ. ಮೂಟೆಗಳ ಮೇಲೆ ಅವನ ಹೆಸರಿನ ಚೀಟಿಯನ್ನು ಅವಳೇ ಕಣ್ಣಾರೆ ಕಂಡಿದ್ದಳು. ತೆನೆಯೇ ಇಲ್ಲದ ಹೊಲದಿಂದ ಆರು ಮೂಟೆ ಬರುವ ದಾರಿ ಒಂದೇ. ಸಂತೆ ರಾಗಿಯನ್ನು ಅಗ್ಗಕ್ಕೆ ಕೊಂಡು, ಒಳ್ಳೆಯ ಚೀಟಿ ಅಂಟಿಸಿ ದುಬಾರಿಗೆ ದಾಟಿಸುವ ದಲ್ಲಾಳಿಗಳನ್ನು ಅವಳು ಬಲ್ಲಳು. ಅವರನ್ನು ತಡೆಯುವುದಕ್ಕೇ ಅವಳಿಗೆ ಸಂಬಳ. ಅಂಥವನೊಬ್ಬನ ಪಕ್ಕದಲ್ಲಿ ಮಾವ ನಿಂತಿರುವುದನ್ನು ಊಹಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಆದರೂ ಲೆಕ್ಕ ಬೇರೆ ಏನನ್ನೂ ಹೇಳುತ್ತಿರಲಿಲ್ಲ.

ಮನೆಯಲ್ಲಿ ಆವುಲಪ್ಪ ಇರಲಿಲ್ಲ. ಅತ್ತೆ ಆದಿಲಕ್ಷ್ಮಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿದ್ದಳು. ಮುದ್ದೆಯ ಪಕ್ಕದಲ್ಲಿ ಸಾರು ಬಡಿಸಿ ಎದುರಿಗೆ ಕೂತು, “ಇಳಿದೋಗಿದೀಯ. ಆ ಊರ ನೀರೇ ಸರಿಯಿಲ್ಲ,” ಎಂದಳು. ಕಲ್ಪನಾ ಕೇಳಬೇಕಾದದ್ದನ್ನು ಎರಡು ತುತ್ತಿನ ತನಕ ತಡೆದುಕೊಂಡಳು.

“ಅತ್ತೆ, ಹೊಲ ನೋಡ್ಕಂಡು ಬಂದೆ. ಎಲ್ಲಾ ಹೋಗ್ಬುಟ್ಟದೆ.”

“ಹೂಂ ಕಣಮ್ಮ.”

“ಮತ್ತೆ ಆ ಆರು ಮೂಟೆ?”

ಅತ್ತೆಯ ಮುಖದಲ್ಲಿ ಅಂಜಿಕೆ ಬರುತ್ತದೆಂದು ಕಲ್ಪನಾ ಎಣಿಸಿದ್ದಳು. ಬಂದದ್ದು ಬೆಳಕು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅದನ್ನೇನು ಕೇಳ್ತೀಯ. ಕಣ ಕೆತ್ತಿ, ಸಗಣಿ ಬಳಿದು ಮಡಗಿದ್ದೆ ಮೊದ್ಲೇ. ತಂದು ಹಾಕಕ್ಕೆ ಒಂದು ಹೊರೆ ಹುಲ್ಲಿಲ್ಲ. ಖಾಲಿ ಕಣ ನೋಡಬಾರ್ದು ಅಂತಾರೆ, ಅದನ್ನೇ ನೋಡ್ಕಂಡು ಕೂತಿದ್ದೆ. ಎಲ್ಲಾರ ಒಕ್ಕಣೆ ಮುಗೀತು ನೋಡು, ಅವತ್ತು ಬಂದ್ರು. ಊರೇ ಬಂತು. ಮನೆಗೊಂದು ಮೊರ. ಕೆಲವ್ರು ಎರಡು ಸುರಿದ್ರೋ, ಮೂರು ಸುರಿದ್ರೋ. ರಾಶಿ ಅಂದ್ರೆ ರಾಶಿ! ಬೆನಕನ್ನ ಮಡಗಿ ಪೂಜೆ ಮಾಡ್ದೆ. ಆನೆ ಹೊಕ್ಕಿದ ಮನೆ ಕಣ ಖಾಲಿ ಬುಡಕ್ಕಿಲ್ಲ ನಮ್ಮೂರ್ನಾಗೆ. ನಿಮ್ಮಜ್ಜಿ ಕಾಲದಾಗೂ ಹಂಗೇಯ.”

ಕಲ್ಪನಾಳ ಕೈ ತಟ್ಟೆಯಲ್ಲೇ ನಿಂತಿತು. ದಲ್ಲಾಳಿ ಇರಲಿಲ್ಲ. ಮಾವ ಕಳ್ಳನಾಗಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು. ಅದು ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಬಂದು ಕೂತಿತು. ಊರಿನಲ್ಲಿ ಸಂಘಕ್ಕೆ ಸೇರಿದ್ದು ಹದಿನೈದು ಮನೆ. ಸೇರದವು ಅದರ ಮೂರರಷ್ಟು. ಈ ವರ್ಷ ತೆನೆ ಬಿಡುವ ಹೊತ್ತಿಗೆ ಮಂಜು ಹಿಡಿದು ರಾಗಿಗೆ ಬೆಂಕಿರೋಗ ಬಿದ್ದಿತ್ತು. ತಳಿ ಪೇಟೆಯ ಔಷಧಿ ಅಂಗಡಿಯಲ್ಲಿ ಜನ ಸಾಲು ನಿಂತದ್ದನ್ನು ಬೀರೇಶನೇ ಹೇಳಿದ್ದ.

“ಯಾರ್ಯಾರು ಸುರಿದ್ರು ಅತ್ತೆ? ಯಾವ ಯಾವ ಮನೆಯೋರು?”

“ನೋಡಬಾರ್ದು ಕಣಮ್ಮ ಅದನ್ನ.” ಆದಿಲಕ್ಷ್ಮಮ್ಮನಿಗೆ ಆಶ್ಚರ್ಯವಾಯಿತು, ಇಷ್ಟೂ ತಿಳಿಯದೆ ಎಂಬಂತೆ. “ಸುರಿಯೋವಾಗ ಮನೆಯೋರು ಬೆನ್ನು ತಿರುಗ್ಸಿ ನಿಂತಿರಬೇಕು. ಬಳೆ ಸದ್ದು ಕೇಳ್ತದೆ, ರಾಗಿ ಜಾರೋ ಸದ್ದು ಕೇಳ್ತದೆ, ಅಷ್ಟೇಯ. ಯಾರು ಎಷ್ಟು ಅಂತ ಕಂಡ್ಬುಟ್ರೆ ಆಮೇಲೆ ಬೀದೀಲಿ ಅವರ ಮಖ ನೋಡಕಾಯ್ತದಾ? ಅವರು ಜಗಳಕ್ಕೆ ಬಂದ್ರೆ ಬಯ್ಯಕಾಯ್ತದಾ?”

ಆವುಲಪ್ಪ ಬಂದಾಗ ಜೊತೆಗೆ ಮುತ್ತರಾಯಪ್ಪನೂ ಇದ್ದ. ಪಕ್ಕದ ಹೊಲದವನು, ಸಂಘದ ಪರವಾಗಿ ಆವುಲಪ್ಪನ ಹೊಲ ನೋಡಿ ಒಪ್ಪಿಗೆ ಕೊಟ್ಟವನೂ ಅವನೇ. ಇಬ್ಬರೂ ಜಗಲಿಯ ಮೇಲೆ ಕೂತರು. ಕಲ್ಪನಾ ಕಂಬಕ್ಕೊರಗಿ ನಿಂತು, ತೊದಲುತ್ತ, ಎಲ್ಲವನ್ನೂ ಹೇಳಿದಳು. ಅವಳು ಮುಗಿಸಿದ ಮೇಲೆ ಮುತ್ತರಾಯಪ್ಪ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು ಹೇಳಿದ:

“ನೋಡಮ್ಮ, ನಾನು ಹೊಲಕ್ಕೆ ಹೋಗಿ ನೋಡ್ದೆ. ಔಷಧಿ ಬಿದ್ದಿರ್ಲಿಲ್ಲ. ಅದು ಸತ್ಯ. ಆಮೇಲೆ ಆನೆ ತಿಂತು. ಅದೂ ಸತ್ಯ. ಆನೆ ತಿಂದ್ರೆ ಹೇಳು ಅಂತ ನೀನು ಹೇಳಿರ್ಲಿಲ್ಲ.”

“ಹೊರಗಡೆ ರಾಗಿ ತಂದು ಸೇರಿಸಬಾರದು ಅಂತ ಹೇಳಿದ್ದೆ ತಾತ.”

“ನಾವೇನು ಹೊರಗಿನೋರಾ?”

ಆವುಲಪ್ಪ ಇಷ್ಟು ಹೊತ್ತೂ ತಲೆಯ ಟವೆಲು ತೆಗೆದು ಮಡಿಸುತ್ತ, ಬಿಚ್ಚುತ್ತ ಇದ್ದ.

“ಪೂಜೆ ಆದ್ಮೇಲೆ ಅದು ನನ್ನ ರಾಶಿ ಕಣವ್ವ,” ಎಂದ. “ಯಾರದ್ದೋ ರಾಗಿ ಅಂತ ನಂಗೆ ಅನ್ನಿಸ್ಲೇ ಇಲ್ಲ. ಮನೆಗೆ ಮಡಿಕಂಡಿದ್ರೆ ವರ್ಷ ಉಣ್ಬೋದಾಗಿತ್ತು. ನಿನಗೆ ಕೊಡ್ತೀನಿ ಅಂದಿದ್ದೆನಲ್ಲ, ನಾನು ಕೊಡ್ದಿದ್ರೆ ಆ ಆಪೀಸ್ನಾಗೆ ನಿನ್ನ ಮಾತು ಬಿದ್ದೋಯ್ತದೇನೋ ಅಂತ ಮೂಟೆ ಕಟ್ದೆ. ನಾವು ಈಗ ಉಣ್ತಿರೋದು ಬೀರೇಶ ಕೊಂಡು ತಂದ ರಾಗಿ.”

ಬೀರೇಶ ದನಿ ತಗ್ಗಿಸಿ ಕಲ್ಪನಾಳನ್ನು ಕೇಳಿದ: “ವರದಿ ಬಂದದಲ್ಲ? ಅದ್ರಾಗೆ ಏನೂ ಇಲ್ಲ ಅಂತ ತಾನೆ ಬಂದಿರೋದು?”

“ಹೌದು.”

“ಮತ್ತಿನ್ನೇನು? ಅದೇ ರಾಗಿನ ನಮ್ಮೂರ ಮಕ್ಕಳೂ ತಿಂತಾವೆ. ಯಾವ ಮಗ ಸತ್ತದೆ?”

ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಆ ಪ್ರಶ್ನೆಯನ್ನು ತನಗೆ ಗೊತ್ತಿರುವ ವಿಜ್ಞಾನದ ಮುಂದೆ ಇಟ್ಟು ನೋಡಿದಳು. ನೂರಕ್ಕೂ ಹೆಚ್ಚು ಮೂಟೆಯ ರಾಗಿಯಲ್ಲಿ ಆರು ಮೂಟೆ. ಆ ಆರರಲ್ಲೂ ಔಷಧಿ ಬಿದ್ದ ರಾಗಿ ಎಷ್ಟೋ, ಯಾರಿಗೂ ತಿಳಿಯದು. ಪ್ರಯೋಗಾಲಯಕ್ಕೆ ಹೋಗುವುದು ಎಲ್ಲ ಕಡೆಯಿಂದ ಚೂರುಚೂರು ತೆಗೆದು ಬೆರೆಸಿದ ಒಂದು ಚೀಲ. ಅಷ್ಟು ತೆಳುವಾದ ಮೇಲೆ ಯಂತ್ರದ ಕಣ್ಣಿಗೆ ಬೀಳದಿರುವುದು ಸಹಜ. ಮಗುವಿಗೆ ಕೇಡಾಗುತ್ತದೆಂದು ಹೇಳಲು ಅವಳಲ್ಲಿ ಆಧಾರವಿರಲಿಲ್ಲ. ಆಗುವುದಿಲ್ಲವೆಂದೇ ಹೇಳಬಹುದಿತ್ತು. ಆದರೆ ಡಬ್ಬಿಯ ಮೇಲೆ ಅಚ್ಚಾಗುವ ಮಾತು ‘ಕೇಡಿಲ್ಲ’ ಎಂದಲ್ಲ. ‘ಈ ರಾಗಿ ಯಾವ ಹೊಲದ್ದೆಂದು ನಮಗೆ ಗೊತ್ತು, ಅಲ್ಲಿ ಔಷಧಿ ಬಿದ್ದಿಲ್ಲ’ ಎಂದು. ಅದನ್ನು ನಂಬಿ ಯಾವುದೋ ಊರಿನ ಯಾವುದೋ ತಾಯಿ ಹೆಚ್ಚಿನ ಹಣ ಕೊಟ್ಟು ಕೊಳ್ಳುತ್ತಾಳೆ. ಆ ಮಾತು ಈಗ ಸುಳ್ಳು. ಸುಳ್ಳೆಂದು ತಿಳಿದವಳು ಇಡೀ ಕಾರ್ಖಾನೆಯಲ್ಲಿ ತಾನೊಬ್ಬಳೇ. ಸುಮ್ಮನಿದ್ದರೆ ಊರು ಉಳಿಯುತ್ತದೆ. ಬಾಯಿ ತೆರೆದರೆ ಹದಿನೈದು ಮನೆಯ ಒಂದು ವರ್ಷದ ದುಡಿಮೆ ಸಂತೆ ಬೆಲೆಗೆ ಹೋಗುತ್ತದೆ, ಮಾವನ ಹೆಸರು ಎಲ್ಲರ ಬಾಯಿಗೆ ಬೀಳುತ್ತದೆ.

ಮರುದಿನ ಬೆಳಗ್ಗೆ ಅವಳು ಮ್ಯಾನೇಜರ್ ಮೂರ್ತಿಯ ಕೋಣೆಗೆ ಹೋದಳು. ಮೂರ್ತಿ ಕೆಟ್ಟ ಮನುಷ್ಯನಲ್ಲ. ಲಾಭ ನಷ್ಟದ ನಡುವೆ ಇಪ್ಪತ್ತು ವರ್ಷ ನಿಂತು ಸೊಂಟ ನೋವು ಬರಿಸಿಕೊಂಡವರು. ಎಲ್ಲ ಕೇಳಿಸಿಕೊಂಡು, ಮೊದಲು ಬಾಗಿಲು ಹಾಕಿಸಿದರು.

“ಆ ಆರು ಮೂಟೆ ತೆಗೆದುಬಿಡಿ. ಮುಗೀತಲ್ಲ.”

“ತೊಟ್ಟಿಗೆ ಬಿದ್ದಾಗಿದೆ ಸಾರ್. ಈಗ ಯಾವ ಕಾಳು ಯಾರದ್ದು ಅಂತ ಹೇಳಕ್ಕಾಗಲ್ಲ.”

“ವರದಿ ಕ್ಲೀನ್ ಅದೆ. ಆಡಿಟ್‌ನವರು ಬಂದ್ರೂ ಅದನ್ನೇ ನೋಡೋದು. ನಿಮಗೆ ಈ ವಿಷಯ ಹೇಳಿದ್ದು ಯಾರು? ನಿಮ್ಮತ್ತೆ. ಸಾರು ಬಡಿಸ್ತಾ. ನನಗೆ ಹೇಳ್ತಿರೋದು ನೀವು, ಟೀ ಬರೋಕೆ ಮುಂಚೆ. ಇದು ಇಲ್ಲಿಗೇ ನಿಲ್ಲಬಹುದು, ಅಲ್ವಾ?”

“ನಾಳೆ ಇನ್ನೊಂದು ಊರಿಂದ ದಲ್ಲಾಳಿ ಹೀಗೇ ಆರು ಮೂಟೆ ಸೇರಿಸಿದ್ರೆ, ವರದಿ ಕ್ಲೀನ್ ಬಂದ್ರೆ, ನಾನು ಸುಮ್ನಿರ್ತೀನಾ ಸಾರ್?”

“ಅವನು ಕಳ್ಳ. ಇದು ನಿಮ್ಮ ಮಾವ. ನಿಮ್ಮ ಮಾವ ಮೋಸ ಮಾಡಿದ್ರು ಅಂತ ನೀವೇ ಹೇಳ್ತೀರಾ?”

“ಮೋಸ ಅಲ್ಲ ಸಾರ್.”

“ಬೇರೆ ಹೆಸರಿದ್ರೆ ಹೇಳಿ, ಅದನ್ನೇ ಮೇಲಿನವರಿಗೆ ಹೇಳ್ತೀನಿ.”

ಕಲ್ಪನಾ ಹುಡುಕಿದಳು. ತಾನು ಓದಿದ್ದರಲ್ಲಿ ಕಲಬೆರಕೆ ಎಂಬ ಒಂದೇ ಪದವಿತ್ತು. ಅದರೊಳಗೆ ಬೆನ್ನು ತಿರುಗಿಸಿ ನಿಂತ ಆದಿಲಕ್ಷ್ಮಮ್ಮನಿಗೆ ಜಾಗವಿರಲಿಲ್ಲ. ಆದರೆ ತೊಟ್ಟಿಯಲ್ಲಿದ್ದ ರಾಗಿಗೆ ಅದೇ ಸರಿಯಾದ ಪದವಾಗಿತ್ತು.

“ಮಕ್ಕಳ ಡಬ್ಬಿಗೆ ಬೇಡ ಸಾರ್,” ಎಂದಳು. “ಸಾದಾ ರಾಗಿ ಹಿಟ್ಟಿಗೆ ಹಾಕೋಣ, ಸಾದಾ ಅಂತಲೇ ಬರೆದು. ಯಾಕೆ ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ನಾನೇ ಹೇಳ್ತೀನಿ.”

ಮೂರ್ತಿ ಸೊಂಟಕ್ಕೆ ಕೈಕೊಟ್ಟು ಎದ್ದರು. “ಊರಿಗೂ ನೀವೇ ಹೋಗಿ ಹೇಳಬೇಕು. ನಾನಂತೂ ಹೋಗಲ್ಲ.”

ಭಾನುವಾರ ಬೆಳಗ್ಗೆ ಹಾಲಿನ ಡೈರಿಯ ಮುಂದೆ ಜನ ಸೇರಿದ್ದರು. ಹಾಲು ಹಾಕಲು ಬಂದವರು ಕ್ಯಾನು ಪಕ್ಕಕ್ಕಿಟ್ಟು ಅಲ್ಲೇ ಉಳಿದಿದ್ದರು. ಸಂಘದವರು ಜಗಲಿಯ ಮೇಲೆ, ಮಿಕ್ಕವರು ಎಲ್ಲೆಂದರಲ್ಲಿ. ಕಲ್ಪನಾ ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಎದುರಿಗೆ ನಿಂತಾಗ ಜೋಡಣೆಯೆಲ್ಲ ಕಳಚಿಹೋಯಿತು. ಬೆಲೆ ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಟ್ಟಳು. ಗಲಾಟೆ ಎದ್ದಿತು. ಕಾರಣ ಹೇಳಿದಳು. ಗಲಾಟೆ ಒಮ್ಮೆಲೇ ನಿಂತುಹೋಯಿತು.

ಹಾಲಿನ ಕ್ಯಾನಿನ ಪಕ್ಕ ಕೂತಿದ್ದ ಹೆಂಗಸೊಬ್ಬಳು ನಿಧಾನವಾಗಿ ಕೇಳಿದಳು: “ನಾವು ಸುರಿದಿದ್ದು ವಿಷ ಅಂತಿದೀಯಾ?”

“ಅಲ್ಲಮ್ಮ, ವಿಷ ಅಲ್ಲ...”

“ಮತ್ತೆ?”

“ಔಷಧಿ ಹೊಡೆದ ಹೊಲದ್ದೋ, ಹೊಡೀದೆ ಇರೋದೋ ಗೊತ್ತಿಲ್ಲ. ಗೊತ್ತಿಲ್ಲದೆ ಇರೋದನ್ನ ಗೊತ್ತು ಅಂತ ಮಾರಬಾರದು, ಅಷ್ಟೇ.”

“ಸುರಿದೋಳು ನಾನು ಅಂತ ನಾನೆಲ್ಲಿ ಹೇಳ್ದೆ?” ಎಂದು ಆ ಹೆಂಗಸು ತನ್ನ ಮಾತಿಗೆ ತಾನೇ ಬೆಚ್ಚಿ, ಪಕ್ಕದವರ ಮುಖ ನೋಡಿ ಸೆರಗು ಎಳೆದುಕೊಂಡಳು.

ಕಲ್ಪನಾ ತಾನು ಯೋಚಿಸಿ ತಂದಿದ್ದ ಪರಿಹಾರ ಹೇಳಿದಳು. ಆನೆ ನುಗ್ಗಿದ ಮನೆಗೆ ಊರವರು ಕೊಡುವುದನ್ನು ಕೊಡಲಿ, ಆದರೆ ಕಣದ ರಾಶಿಗೆ ಬೆರೆಸುವುದು ಬೇಡ. ಪಕ್ಕದಲ್ಲಿ ಬೇರೆ ಮೂಟೆ ಇಟ್ಟು ಅದಕ್ಕೆ ಹಾಕಲಿ, ಅದು ಮನೆಯ ಊಟಕ್ಕಾಗಲಿ.

ಹೇಳುವಾಗ ಅದು ಸರಿಯಾಗಿಯೇ ಇತ್ತು. ಮುತ್ತರಾಯಪ್ಪ ಗಂಟಲು ಸರಿಮಾಡಿಕೊಂಡ.

“ಬೇರೆ ಮೂಟೆಗೆ ಹಾಕಿದ್ರೆ ಅದು ಭಿಕ್ಷೆ ಆಯ್ತದೆ ಕಣಮ್ಮ. ಭಿಕ್ಷೆ ಮೂಟೆ ಮಡಗ್ಕಂಡು ಯಾವ ಮಾನವಂತ ಕಣದಾಗೆ ನಿಂತಾನು? ರಾಶಿಗೆ ಬಿದ್ರೆ ಅದು ಅವನ ಬೆಳೆ. ಕೊಟ್ಟೋನೂ ಇಲ್ಲ, ಈಸ್ಕಂಡೋನೂ ಇಲ್ಲ. ಬೆರೀಬೇಕು ಅಂತ್ಲೇ ಸುರಿಯೋದು.”

ಬೆರೆತರೆ ಅವಳ ಕೆಲಸ ಕೆಡುತ್ತದೆ. ಬೆರೆಯದಿದ್ದರೆ ಅವರ ಕೆಲಸ. ಎರಡಕ್ಕೂ ನಡುವೆ ಇಡಬಹುದಾದ ಯಾವ ಉಪಾಯವೂ ಅವಳಿಗೆ ಹೊಳೆಯಲಿಲ್ಲ. ಸಂಘದ ಒಬ್ಬ, “ಹಂಗಾದ್ರೆ ಆನೆ ಬಂದ್ರೆ ಸುರಿಯೋದೇ ಬುಟ್ಬುಡನ, ಬೆಲೆ ಮುಖ್ಯ,” ಎಂದ. ಇನ್ನೊಬ್ಬ, “ನಿಂದು ಊರ ಪಕ್ಕದ ಹೊಲ, ಆನೆ ಬರಕಿಲ್ಲ, ನಿಂಗೇನ್ಲಾ,” ಎಂದು ಅವನ ಮೇಲೆರಗಿದ. ದನಿಗಳು ಏರಿದವು. ಬೀರೇಶ ಇಬ್ಬರ ನಡುವೆ ಕೈ ಚಾಚಿ ನಿಂತ.

ಆಗ ಆವುಲಪ್ಪ ಎದ್ದ. ಸಂಘದವರ ನಡುವೆ ಕೂತಿದ್ದವನು ಟವೆಲು ಹೆಗಲಿಗೆ ಹಾಕಿಕೊಂಡ.

“ಕೂಗಾಡಬ್ಯಾಡಿ. ಕಾಡು ಮುಗಿದ ತಕ್ಷಣ ಇರೋದು ನನ್ನ ಹೊಲ. ಬರೋ ವರ್ಷನೂ ಅವು ನನ್ನತ್ರಾನೇ ಮೊದ್ಲು ಬತ್ತವೆ. ‘ಇದು ಸರ್ಟಿಪಿಕೇಟ್ ಹೊಲ, ಆಕಡೆ ಹೋಗ್ರಪ್ಪ’ ಅಂದ್ರೆ ಕೇಳ್ತವಾ?”

ಒಂದಿಬ್ಬರು ನಕ್ಕರು. ಆವುಲಪ್ಪನೂ ಅಷ್ಟಿಷ್ಟು ನಕ್ಕ.

“ನನ್ನ ಹೆಸರು ತೆಗೆದ್ಬುಡವ್ವ. ನನಗೆ ಕಣಕ್ಕೆ ಬರೋರು ಬೇಕು. ಮಿಕ್ಕ ಹದಿನಾಲ್ಕು ಜನ ನಿನ್ನ ಲೆಕ್ಕದಾಗೆ ಇರ್ಲಿ. ಅವರ ರಾಗಿ ಸುದ್ದವಾಗೇ ಅದೆ.”

“ಅಪ್ಪಾ,” ಎಂದ ಬೀರೇಶ.

“ನೀನು ಸುಮ್ಕಿರು. ಮುಖಂಡ ಅಲ್ವಾ ನೀನು? ಮುಖಂಡನಂಗೆ ನಿಂತ್ಕೊ.”

ಎಲ್ಲರೂ ಕಲ್ಪನಾಳನ್ನು ನೋಡಿದರು. ಬೇಡ ಮಾವ ಎಂದು ಹೇಳಬೇಕೆಂದು ಅವಳ ಬಾಯಿ ತೆರೆಯಿತು. ಆದರೆ ಅದೇ ಕ್ಷಣ ಒಳಗೆಲ್ಲೋ ಅವಳ ಬುದ್ಧಿ ಮಾವನ ಮಾತನ್ನು ಪರೀಕ್ಷಿಸಿ ಆಗಿತ್ತು: ಅದು ಸರಿಯಾಗಿತ್ತು, ಸೋರುವ ಜಾಗ ಅದೊಂದೇ, ಅದನ್ನು ಮುಚ್ಚಿದರೆ ಮಿಕ್ಕದ್ದು ನಿಲ್ಲುತ್ತದೆ. ಅವಳಿಗೆ ಉಸಿರು ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು.

“ಆಗಲಿ ಮಾವ,” ಎಂದಳು.

ಆವುಲಪ್ಪ ತಲೆಯಾಡಿಸಿ ಜಗಲಿಯಿಂದ ಇಳಿದ. ಇಳಿದವನಿಗೆ ಎಲ್ಲಿ ನಿಲ್ಲಬೇಕೆಂದು ಒಂದು ಗಳಿಗೆ ತಿಳಿಯಲಿಲ್ಲ. ಹಾಲಿನ ಕ್ಯಾನುಗಳ ಕಡೆ ಕೂತಿದ್ದವರು ಒಂದಿಷ್ಟು ಸರಿದು ಜಾಗ ಬಿಟ್ಟರು. ಅವನು ಹೋಗಿ ಅವರ ನಡುವೆ ಕುಕ್ಕರಗಾಲಲ್ಲಿ ಕೂತ. ಅಷ್ಟರ ತನಕ ಚೆಲ್ಲಾಪಿಲ್ಲಿಯಾಗಿದ್ದ ಜನರಲ್ಲಿ ಜಗಲಿಯ ಮೇಲಿನವರು ಯಾರು, ಕೆಳಗಿನವರು ಯಾರು ಎಂಬುದು ಆಗ ಎಲ್ಲರಿಗೂ ಒಟ್ಟಿಗೇ ಕಂಡಿತು. ಮುತ್ತರಾಯಪ್ಪ ತಾನು ಕೂತಿದ್ದ ಜಗಲಿಯ ಕಲ್ಲನ್ನು ಅಂಗೈಯಿಂದ ಸವರಿದ, ಏಳಲಿಲ್ಲ.

ಸಂಘದವರು ಕಲ್ಪನಾಳ ಕಡೆ ತಿರುಗಿ ಕೂತಿದ್ದರು.

“ಹೂಂ, ಹೇಳಮ್ಮ,” ಎಂದ ಅವರಲ್ಲೊಬ್ಬ. “ಬರೋ ವರ್ಷಕ್ಕೆ ನಾವೇನು ಮಾಡಬೇಕು?”

ಅವಳು ಹೇಳತೊಡಗಿದಳು. ಕೆಳಗಿನವರು ಒಬ್ಬೊಬ್ಬರಾಗಿ ಕ್ಯಾನು ಎತ್ತಿಕೊಂಡು ಎದ್ದರು.